ಚಳಿಗಾಲ ಪುಟ್ಟದು, ಆದ್ರೆ ಲೆಕ್ಕ ಬರೆಯೋದು ಅದೇ: ಉಪೋಷ್ಣವಲಯದ ಗಿಡಮರಗಳ ತಾಳ ಯಾಕೆ ತಪ್ತಿದೆ

ಭೂಮಿ ಬಿಸಿ ಆಗ್ತಿದೆ, ಅದಕ್ಕೇ ಗಿಡಮರ ಎಲ್ಲಾ ಬೇಗ ಚಿಗುರ್ತಿವೆ, ಬೇಗ ಹೂ ಬಿಡ್ತಿವೆ ಅನ್ನೋ ಮಾತನ್ನ ಎಷ್ಟು ಸಲ ಓದಿದೀವಿ ಅಂದ್ರೆ ಈಗ ಅದನ್ನ ಯಾರೂ ಪ್ರಶ್ನೆನೇ ಮಾಡಲ್ಲ. ಸುಳ್ಳೇನಲ್ಲ ಅದು. ಜಪಾನಿನ ಕ್ಯೋಟೋದಲ್ಲಿ ಚೆರಿ ಹೂ ಯಾವತ್ತು ಪೂರ್ತಿ ಅರಳ್ತು ಅನ್ನೋದಕ್ಕೆ ಕ್ರಿ.ಶ. 812ರಿಂದ ದಾಖಲೆ ಸಿಗತ್ತೆ, ಹಳೇ ದಿನಚರಿಗಳು, ಅರಮನೆ ಬರಹಗಳು ಹೀಗೆ ಎಲ್ಲೆಲ್ಲಿಂದಲೋ ಹೆಕ್ಕಿ ಯಾಸುಯುಕಿ ಆವೊನೊ ಅನ್ನೋ ವಿಜ್ಞಾನಿ ಅದನ್ನೆಲ್ಲಾ ಒಂದೇ ಸಾಲಿಗೆ ತಂದ್ರು. 2021ರಲ್ಲಿ ಮಾರ್ಚ್ 26ಕ್ಕೇ ಮರಗಳು ತುಂಬಿ ಅರಳಿ ನಿಂತಿದ್ವು. ಅದಕ್ಕೂ ಹಿಂದಿನ ದಾಖಲೆ ಅಂದ್ರೆ 1409ರ ಮಾರ್ಚ್ 27. ಆರು ನೂರು ವರ್ಷ ಯಾರೂ ಮುರಿಯದ ದಾಖಲೆ!

ಆದ್ರೆ ಕ್ಯೋಟೋ ಇರೋದು 35 ಡಿಗ್ರಿ ಅಕ್ಷಾಂಶದಲ್ಲಿ, ಅಂದ್ರೆ ಉಪೋಷ್ಣವಲಯದ ಮೇಲಿನ ಅಂಚಿನಲ್ಲಿ. ಅಲ್ಲಿ ಚಳಿಗೆ ಇನ್ನೂ ಬರ ಬಂದಿಲ್ಲ, ಹಾಗಾಗಿ ಬಿಸಿ ಏರಿದಷ್ಟೂ ಹೂವು ಬೇಗ, ಸರಳ ಲೆಕ್ಕ. ಅಲ್ಲಿಂದ ಐದಾರು ಡಿಗ್ರಿ ಸಮಭಾಜಕದ ಕಡೆ ಇಳಿದ್ರೆ ಸಾಕು, ಲೆಕ್ಕ ಉಲ್ಟಾ ಹೊಡಿಯೋಕೆ ಶುರುವಾಗತ್ತೆ. ಕೆಲವು ಮರ ಬೇಗ ಚಿಗುರ್ತವೆ, ಕೆಲವು ತಡ ಮಾಡ್ತವೆ, ಒಂದೇ ಮರದಲ್ಲಿ ಒಂದು ಕೊಂಬೆ ಇವತ್ತು ಎದ್ರೆ ಪಕ್ಕದ ಕೊಂಬೆ ತಿಂಗಳಾದ್ಮೇಲೆ ಏಳತ್ತೆ, ಇನ್ನು ಕೆಲವಂತೂ ಹೂ ಬಿಡೋದನ್ನೇ ಮರೆತು ಬರೀ ಎಲೆ ಬಿಟ್ಕೊಂಡು ಕೂತಿರ್ತವೆ. ಹಾಗಾಗಿ "ಎಲ್ಲಾ ಬೇಗ ಆಗ್ತಿದೆ" ಅನ್ನೋದು ಈ ಭಾಗಕ್ಕೆ ಅರ್ಧ ಸತ್ಯ. ಇಲ್ಲಿ ಆಗ್ತಿರೋದು ತಾಳ ತಪ್ಪೋದು, ಮತ್ತೆ ಆ ತಾಳ ಹಾಕ್ತಾ ಇದ್ದದ್ದು ಯಾರೂ ಲೆಕ್ಕಕ್ಕೇ ತಗೊಳ್ಳದ ಆ ಪುಟ್ಟ ಚಳಿಗಾಲ ಅನ್ನೋದು ನನ್ನ ವಾದ.

ಮೊದ್ಲು ಈ ಉಪೋಷ್ಣವಲಯ ಅಂದ್ರೆ ಎಲ್ಲಿ ಅಂತ ಬೇಗ ಹೇಳಿ ಮುಗಿಸ್ತೀನಿ. ಕರ್ಕಾಟಕ ಮತ್ತೆ ಮಕರ ಸಂಕ್ರಾಂತಿ ವೃತ್ತಗಳು ಇರೋದು 23.5 ಡಿಗ್ರಿಯಲ್ಲಿ, ಅಲ್ಲಿಂದ ಎರಡೂ ಧ್ರುವಗಳ ಕಡೆ ಸುಮಾರು 35 ಡಿಗ್ರಿವರೆಗಿನ ಪಟ್ಟಿ ಇದು. ಒಂದೇ ಹವೆ ಅಂದ್ಕೊಂಡ್ರೆ ತಪ್ಪು. ಸಮಭಾಜಕದ ಹತ್ರ ಮೇಲೇರಿದ ಗಾಳಿ 30 ಡಿಗ್ರಿ ಆಸುಪಾಸಲ್ಲಿ ಒಣಗಿ ಕೆಳಗಿಳಿಯೋದ್ರಿಂದ ಸಹಾರಾ, ಅರೇಬಿಯಾ, ಆಸ್ಟ್ರೇಲಿಯಾದ ಮರುಭೂಮಿಗಳು ಇದೇ ಪಟ್ಟಿಯಲ್ಲಿ ಬಿದ್ದಿವೆ. ಖಂಡಗಳ ಪೂರ್ವ ಭಾಗದಲ್ಲಿ, ಅಂದ್ರೆ ದಕ್ಷಿಣ ಚೀನಾ, ಅಮೆರಿಕದ ಆಗ್ನೇಯ ರಾಜ್ಯಗಳು, ದಕ್ಷಿಣ ಬ್ರೆಜಿಲ್, ಉರುಗ್ವೆ, ಪೂರ್ವ ಆಸ್ಟ್ರೇಲಿಯಾ, ಇಲ್ಲೆಲ್ಲಾ ಬೇಸಿಗೆಯಲ್ಲಿ ಚೆನ್ನಾಗಿ ಮಳೆ. ಪಶ್ಚಿಮ ಭಾಗದಲ್ಲಿ, ಕ್ಯಾಲಿಫೋರ್ನಿಯಾ, ಮಧ್ಯ ಚಿಲಿ, ದಕ್ಷಿಣ ಆಫ್ರಿಕಾದ ಕೇಪ್, ಮೆಡಿಟರೇನಿಯನ್ ಸುತ್ತಮುತ್ತ, ಪೂರ್ತಿ ಉಲ್ಟಾ, ಮಳೆ ಚಳಿಗಾಲದಲ್ಲಿ, ಬೇಸಿಗೆ ಒಣ ಒಣ. ಒಂದೇ ಅಕ್ಷಾಂಶ, ಒಂದೇ ಸೂರ್ಯ, ಆದ್ರೆ ಒಂದು ಕಡೆ ಗಿಡ ಬೇಸಿಗೆಯಲ್ಲಿ ಬೆಳೀತದೆ, ಇನ್ನೊಂದು ಕಡೆ ಬೇಸಿಗೆಯಲ್ಲಿ ಉಸಿರು ಹಿಡಿದು ಕೂತಿರತ್ತೆ.

ಈಗ ಗಿಡಕ್ಕೆ ಕಾಲ ಗೊತ್ತಾಗೋದು ಹೇಗೆ ಅನ್ನೋ ಪ್ರಶ್ನೆ. ಅದರ ಹತ್ರ ಇರೋ ಅತ್ಯಂತ ನಂಬಿಕಸ್ಥ ಗಡಿಯಾರ ಅಂದ್ರೆ ಹಗಲಿನ ಉದ್ದ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತೆ ಅಲ್ಲಾರ್ಡ್ ಅನ್ನೋ ಇಬ್ರು, ಎಷ್ಟೇ ಎತ್ತರ ಬೆಳೆದ್ರೂ ಬೇಸಿಗೆಯಲ್ಲಿ ಹೂ ಬಿಡದ ಒಂದು ತಂಬಾಕು ತಳಿ ಹಿಡ್ಕೊಂಡು, ಅದಕ್ಕೆ ಬೇಕಿದ್ದದ್ದು ಗೊಬ್ಬರನೂ ಅಲ್ಲ ಬಿಸಿನೂ ಅಲ್ಲ, ಹಗಲು ಗಿಡ್ಡ ಆಗ್ಬೇಕು ಅಷ್ಟೇ ಅಂತ ತೋರಿಸಿದ್ರು. ಈ ಗಡಿಯಾರ ಎಲ್ಲಾ ಕಡೆ ಒಂದೇ ಸಮ ಜೋರಾಗಿ ಹೊಡಿಯಲ್ಲ. 60 ಡಿಗ್ರಿ ಅಕ್ಷಾಂಶದಲ್ಲಿ ಬೇಸಿಗೆ ಹಗಲು ಹದಿನೆಂಟೂವರೆ ಗಂಟೆ, ಚಳಿಗಾಲದಲ್ಲಿ ಆರು ಗಂಟೆಗೂ ಕಮ್ಮಿ, ಇಷ್ಟು ದೊಡ್ಡ ವ್ಯತ್ಯಾಸ ಕಿವುಡನಿಗೂ ಕೇಳ್ಸತ್ತೆ. 10 ಡಿಗ್ರಿಯಲ್ಲಿ ವರ್ಷವಿಡೀ ಹನ್ನೆರಡು ಗಂಟೆ ಆಚೀಚೆ, ಗಡಿಯಾರ ಇದ್ದೂ ಇಲ್ಲದ ಹಾಗೆ. 30 ಡಿಗ್ರಿಯಲ್ಲಿ ಹೆಚ್ಚುಕಮ್ಮಿ 10ರಿಂದ 14 ಗಂಟೆ. ಅಂದ್ರೆ ಗಡಿಯಾರ ಇದೆ, ಆದ್ರೆ ಅದೊಂದನ್ನೇ ನಂಬ್ಕೊಂಡು ಮನೆಯಿಂದ ಹೊರಡೋ ಹಾಗಿಲ್ಲ, ಆಕಾಶ ಒಂದ್ಸಲ ನೋಡ್ಬೇಕು. ಉಪೋಷ್ಣವಲಯದ ಗಿಡಗಳು ಹಗಲು, ಚಳಿ, ಬಿಸಿ, ನೀರು ಎಲ್ಲವನ್ನೂ ಒಟ್ಟಿಗೆ ವಿಚಾರಿಸಿಕೊಂಡು ಹೆಜ್ಜೆ ಇಡೋದು ಇದಕ್ಕೇ.

ಚಹಾ ಗಿಡ ಇದಕ್ಕೆ ಒಳ್ಳೇ ಉದಾಹರಣೆ. ಸಮಭಾಜಕದ ಮೇಲಿರೋ ಕೀನ್ಯಾದಲ್ಲಿ ಚಹಾ ಎಲೆ ವರ್ಷವಿಡೀ ಕೀಳ್ತಾರೆ. 27 ಡಿಗ್ರಿ ಹತ್ತಿರದ ಅಸ್ಸಾಮಲ್ಲಿ ಅದೇ ಗಿಡ ಡಿಸೆಂಬರ್ ಬಂತು ಅಂದ್ರೆ ಮಲಗಿಬಿಡತ್ತೆ. ಹಗಲು ಹನ್ನೊಂದು ಕಾಲು ಗಂಟೆಗಿಂತ ಕಮ್ಮಿಯಾಗಿ ಒಂದಷ್ಟು ವಾರ ಹಾಗೇ ಇದ್ರೆ ಕುಡಿಮೊಗ್ಗು ಬೆಳೆಯೋದನ್ನ ನಿಲ್ಲಿಸತ್ತೆ, ಜೊತೆಗೆ ತಂಪೂ ಇರೋದ್ರಿಂದ ನಿದ್ದೆ ಗಟ್ಟಿಯಾಗತ್ತೆ. ಆಮೇಲೆ ಹಗಲು ಹಿಗ್ಗಿ, ಬಿಸಿ ಏರಿ, ಎಲ್ಲಾ ಕುಡಿಗಳು ಸುಮಾರಾಗಿ ಒಟ್ಟಿಗೆ ಏಳ್ತವೆ, ಫಸ್ಟ್ ಫ್ಲಷ್ ಅಂತಾರಲ್ಲ, ಆ ಮೊದಲ ಚಿಗುರಿನ ಬೆಲೆ ಇರೋದೇ ಈ ನಿದ್ದೆಯಿಂದ. ಈಗ ಹವೆ ಬದಲಾದ್ರೆ ಏನಾಗತ್ತೆ? ಬಿಸಿ ಫೆಬ್ರವರಿಯಲ್ಲೇ ಬಂದು ಬಾಗಿಲು ಬಡಿಯತ್ತೆ, ಹಗಲಿನ ಉದ್ದ ಮಾತ್ರ ಸಾವಿರ ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ, ಅದನ್ನ ಯಾವ ಕಾರ್ಬನ್ನೂ ಅಲ್ಲಾಡಿಸಲ್ಲ. ಒಂದು ಗಡಿಯಾರ ಮುಂದೆ ಓಡ್ತಿದೆ, ಇನ್ನೊಂದು ಇದ್ದಲ್ಲೇ ಇದೆ. ಗಿಡ ಯಾವುದನ್ನ ನಂಬಬೇಕು?

(ಬೀದಿ ದೀಪದ ಕೆಳಗಿರೋ ಮರಗಳನ್ನ ಎಲೆ ಉದುರೋ ಕಾಲದಲ್ಲಿ ಒಂದ್ಸಲ ನೋಡಿ. ದೀಪದ ಬೆಳಕು ನೇರ ಬೀಳೋ ಕೊಂಬೆಗಳಲ್ಲಿ ಎಲೆ ಇನ್ನೂ ಹಸಿರಾಗಿ ಅಂಟ್ಕೊಂಡಿರತ್ತೆ, ಅದೇ ಮರದ ಕತ್ತಲೆ ಬದಿ ಬೋಳಾಗಿರತ್ತೆ. ಹಗಲು ಇನ್ನೂ ಮುಗಿದಿಲ್ಲ ಅಂತ ಆ ಕೊಂಬೆಗಳ ನಂಬಿಕೆ.)

ಈಗ ಚಳಿಗೆ ಬರೋಣ, ಯಾಕಂದ್ರೆ ನನಗೆ ಇದೇ ಇಡೀ ಕಥೆಯ ನಡುಮಧ್ಯ ಅನ್ಸತ್ತೆ. ಲಿಚಿ ಮರ ತಗೊಳ್ಳಿ, ಮೂಲ ದಕ್ಷಿಣ ಚೀನಾ ಕಡೆಯದ್ದು. ಚಳಿಗಾಲದ ಕೊನೆಗೆ ಕೊಂಬೆ ತುದಿಯಲ್ಲಿ ಒಂದು ಮೊಗ್ಗು ಏಳತ್ತೆ. ಹತ್ತಿರದಿಂದ ನೋಡಿದ್ರೆ ರಾಗಿ ಕಾಳಿಗಿಂತ ದೊಡ್ಡದಿಲ್ಲದ ಬಿಳಿ ಬಿಳಿ ಚುಕ್ಕೆಗಳು ಕಾಣ್ತವೆ, ಅವೇ ಹೂಗೊಂಚಲಿನ ಆರಂಭ. ಆದ್ರೆ ಅದೇ ಮೊಗ್ಗಿನ ಒಳಗೆ ಪುಟ್ಟ ಪುಟ್ಟ ಎಲೆಗಳ ಮೂಲನೂ ಮಡಚಿ ಕೂತಿರತ್ತೆ. ಅಂದ್ರೆ ಆ ಮೊಗ್ಗು ಇನ್ನೂ ಯಾವ ಕಡೆನೂ ತೀರ್ಮಾನ ಮಾಡಿಲ್ಲ. ಹಗಲು 20 ಡಿಗ್ರಿ, ರಾತ್ರಿ 15 ಅಥವಾ ಅದಕ್ಕಿಂತ ಕೆಳಗೆ ಒಂದಷ್ಟು ವಾರ ಸಿಕ್ಕಿದ್ರೆ ಎಲೆ ಭಾಗ ಸೊರಗಿ ಉದುರತ್ತೆ, ಹೂಗೊಂಚಲು ಉದ್ದ ಬೆಳೆಯತ್ತೆ. ಹಗಲು 25 ದಾಟ್ತು, ರಾತ್ರಿ 20ಕ್ಕಿಂತ ಕೆಳಗಿಳೀಲಿಲ್ಲ ಅನ್ನಿ, ಅದೇ ಮೊಗ್ಗಿನ ಎಲೆಗಳು ಕೆಂಪಗೆ ಹಿಗ್ಗಿ ಬರ್ತವೆ, ಹೂವಿನ ಚುಕ್ಕೆಗಳು ಒಣಗಿ ಬೀಳ್ತವೆ. ನಡುವಿನ ಹವೆಯಲ್ಲಿ ಎರಡೂ ಸೇರಿದ ಎಡಬಿಡಂಗಿ ಗೊಂಚಲು. ದೂರದಿಂದ ನೋಡೋರಿಗೆ ಮರ ಹಚ್ಚಹಸಿರಾಗಿ ಚಿಗುರಿದೆ, ಏನು ಆರೋಗ್ಯ ಅನ್ಸತ್ತೆ! ಆ ಚಿಗುರೇ ಆ ವರ್ಷದ ಹಣ್ಣಿನ ತಿಥಿ.

ಮಾವಿನದ್ದೂ ಸುಮಾರು ಇದೇ ಸ್ವಭಾವ, ಹಗಲು 15ರಿಂದ 18, ರಾತ್ರಿ 10 ಡಿಗ್ರಿ ಇದ್ರೆ ತುದಿಮೊಗ್ಗು ಹೂವಾಗತ್ತೆ, 30 ಮತ್ತು 25 ಇದ್ರೆ ಎಲೆಯಾಗತ್ತೆ. ಉಷ್ಣವಲಯದಲ್ಲಿ ಅಷ್ಟು ಚಳಿ ಇಲ್ಲದಿದ್ರೂ ಮಾವು ಹೂ ಬಿಡತ್ತಲ್ಲ ಅಂತ ಕೇಳ್ಬಹುದು, ಹೌದು, ಅಲ್ಲಿ ಹಿಂದಿನ ಚಿಗುರು ಎಷ್ಟು ಬಲಿತಿದೆ ಅನ್ನೋದು ಚಳಿಯ ಕೆಲಸವನ್ನ ಒಂದು ಮಟ್ಟಿಗೆ ಮಾಡತ್ತೆ, ಆದ್ರೆ ಆಗ ಮರ ಪೂರ್ತಿ ಒಟ್ಟಿಗೆ ಹೂ ಬಿಡೋದು ಕಮ್ಮಿ, ಬಲಿತ ಕೊಂಬೆ ಮೊದ್ಲು, ಎಳೇ ಕೊಂಬೆ ಆಮೇಲೆ. ಒಟ್ಟಿಗೆ ಅನ್ನೋದನ್ನ ಕೊಡೋದು ಚಳಿ.

ಪೀಚ್, ಸೇಬಿನಂಥ ಎಲೆ ಉದುರಿಸೋ ಮರಗಳಲ್ಲಿ ಇದು ಇನ್ನೂ ಕಟ್ಟುನಿಟ್ಟು. ಅವು ಚಳಿಯನ್ನ ಎಣಿಸ್ತವೆ. ಹಳೇ ಲೆಕ್ಕದಲ್ಲಿ 7.2 ಡಿಗ್ರಿಗಿಂತ ಕೆಳಗೆ ಕಳೆದ ಗಂಟೆಗಳನ್ನ ಕೂಡೋದು, ಒಂದೊಂದು ತಳಿಗೆ ಇಷ್ಟಿಷ್ಟು ಗಂಟೆ ಅಂತ, ಸಾಮಾನ್ಯ ಪೀಚ್ ತಳಿಗಳಿಗೆ 800ರ ಮೇಲೆ ಬೇಕಾಗತ್ತೆ. ತಂಪು ದೇಶಗಳಲ್ಲಿ ಈ ಲೆಕ್ಕ ನಡೆದೋಯ್ತು. ಉಪೋಷ್ಣವಲಯದಲ್ಲಿ ನಡೀಲಿಲ್ಲ, ಯಾಕಂದ್ರೆ ಇಲ್ಲಿ ರಾತ್ರಿ 6 ಡಿಗ್ರಿ ಇದ್ದು ಮಧ್ಯಾಹ್ನ 24 ಆಗ್ಬಹುದು, ರಾತ್ರಿ ಕೂಡಿಟ್ಟದ್ದನ್ನ ಮಧ್ಯಾಹ್ನ ಅಳಿಸತ್ತೆ. ಇದನ್ನ ಸರಿಯಾಗಿ ಹಿಡಿದ ಡೈನಾಮಿಕ್ ಮಾಡೆಲ್ ಅನ್ನೋ ಲೆಕ್ಕ 1980ರ ದಶಕದಲ್ಲಿ ಇಸ್ರೇಲಿನಲ್ಲಿ ಹುಟ್ಟಿತು, ಬೆಚ್ಚಗಿನ ಚಳಿಗಾಲದ ದೇಶಕ್ಕೇ ಅದು ಬೇಕಾಗಿತ್ತು. ಅದರ ಪ್ರಕಾರ ಚಳಿ ಮೊದ್ಲು ಕೈಯಲ್ಲಿರೋ ಚಿಲ್ಲರೆ ಹಾಗೆ, ಬಿಸಿ ಬಂದ್ರೆ ಖರ್ಚಾಗಿಹೋಗತ್ತೆ, ಒಂದು ಮೊತ್ತ ಆದ್ಮೇಲೆ ಹುಂಡಿಗೆ ಬೀಳತ್ತೆ, ಬಿದ್ದದ್ದನ್ನ ಮಾತ್ರ ಯಾವ ಬಿಸಿನೂ ಕಸಿಯೋಕಾಗಲ್ಲ. ಹುಂಡಿ ತುಂಬದೇ ಇದ್ರೆ? ಮರ ವಸಂತ ಬಂದ್ರೂ ಸರಿಯಾಗಿ ಏಳಲ್ಲ, ತುದಿಯಲ್ಲಿ ನಾಲ್ಕು ಎಲೆ, ನಡುವೆ ಬೋಳು ಕೊಂಬೆ, ಹೂವು ಒಂದೊಂದಾಗಿ ವಾರಗಟ್ಟಲೆ. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಬಿಸಿ ಹೆಚ್ಚಾಗಿ ಹೂವು ಬೇಗ ಆಗ್ಲಿಲ್ಲ, ತಡ ಆಯ್ತು. ಮೊದಲ ಪ್ಯಾರಾದ ಮಾತು ಇಲ್ಲಿಗೆ ಬಂದು ಮಗುಚಿಕೊಳ್ಳತ್ತೆ.

ಅಮೆರಿಕದ ಜಾರ್ಜಿಯಾ ರಾಜ್ಯ, 32-33 ಡಿಗ್ರಿ ಅಕ್ಷಾಂಶ, ಪೀಚ್ ಹಣ್ಣಿಗೇ ಹೆಸರಾದದ್ದು. 2017ರಲ್ಲಿ ಚಳಿಗಾಲ ಬೆಚ್ಚಗಾಗಿ ಹುಂಡಿ ತುಂಬಲಿಲ್ಲ, ಎದ್ದ ಹೂವಿನ ಮೇಲೆ ಮಾರ್ಚಿನ ಫ್ರಾಸ್ಟ್ ಬಿತ್ತು, ಬೆಳೆಯಲ್ಲಿ ಐದನೇ ನಾಲ್ಕು ಭಾಗದಷ್ಟು ಹೋಯ್ತು. 2023ರಲ್ಲಿ ಹೂವು ತುಂಬಾ ಬೇಗ ಅರಳಿ ಮತ್ತೆ ಮಾರ್ಚ್ ಚಳಿಗೆ ಸಿಕ್ಕಿ ಶೇ. 90ಕ್ಕಿಂತ ಹೆಚ್ಚು ನಾಶ. ತಮಾಷೆ ನೋಡಿ, ಬೆಚ್ಚಗಿನ ಚಳಿಗಾಲ ಅಂತ ಶುರುವಾದ ಕಥೆ ಎರಡು ಸಲನೂ ಮುಗಿದದ್ದು ಚಳಿ ಹೊಡೆದು.

ಇದು ಹೊಸದೂ ಅಲ್ಲ. ಫ್ಲೋರಿಡಾದ ಕಿತ್ತಳೆ ತೋಟಗಳ ಇತಿಹಾಸದಲ್ಲಿ 1894-95ರ ಚಳಿಗಾಲ ಅಂದ್ರೆ ಒಂದು ಗಾಯದ ಗುರುತು. ಡಿಸೆಂಬರ್ ಕೊನೇ ವಾರ ಗಟ್ಟಿ ಹೆಪ್ಪುಗಟ್ಟೋ ಚಳಿ ಬಂದು ಹಣ್ಣೆಲ್ಲಾ ಹೋಯ್ತು, ಎಲೆ ಉದುರಿತು, ಆದ್ರೆ ಮರ ಬದುಕಿತ್ತು. ಆಮೇಲೆ ಜನವರಿ ಬೆಚ್ಚಗಾಯ್ತು. ಮರಗಳಿಗೆ ಗಂಡಾಂತರ ಕಳೀತು ಅನ್ಸಿರಬೇಕು, ಕಾಂಡದಲ್ಲಿ ರಸ ಏರಿತು, ಎಳೇ ಚಿಗುರು ಬಂತು. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಎರಡನೇ ಹೊಡೆತ. ಈ ಸಲ ರಸ ತುಂಬಿದ ಕಾಂಡದ ತೊಗಟೆನೇ ಸೀಳಿ ಬುಡದವರೆಗೂ ಸತ್ತವು. ಡಿಸೆಂಬರಿನ ಚಳಿ ಮಲಗಿದ್ದ ಮರಕ್ಕೆ ಬಿದ್ದಿತ್ತು, ಫೆಬ್ರವರಿಯದ್ದು ಎದ್ದ ಮರಕ್ಕೆ. ನಡುವಿನ ಆ ಮೂರ್ನಾಲ್ಕು ವಾರದ ಹಿತವಾದ ಬಿಸಿಲೇ ಕೊಲೆಗಾರ. ತೋಟಗಾರಿಕೆ ದಕ್ಷಿಣಕ್ಕೆ ಗುಳೆ ಹೋಯ್ತು, ಉತ್ಪಾದನೆ ಮೊದಲಿನ ಮಟ್ಟಕ್ಕೆ ಬರೋಕೆ ದಶಕಕ್ಕಿಂತ ಹೆಚ್ಚು ಹಿಡೀತು. ಈಗ ಸರಾಸರಿ ತಾಪಮಾನ ಏರ್ತಿದೆ, 2024 ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ 1.5 ಡಿಗ್ರಿ ದಾಟಿದ ಮೊದಲ ವರ್ಷ, ಆದ್ರೂ ಉತ್ತರದಿಂದ ನುಗ್ಗಿ ಬರೋ ಶೀತಗಾಳಿ ಪೂರ್ತಿ ನಿಂತಿಲ್ಲ, 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ತುದಿಯ ನಿಂಬೆ ಜಾತಿಯ ತೋಟಗಳು ಅದಕ್ಕೇ ಬಲಿಯಾದವು. ಸರಾಸರಿಯನ್ನ ಗಿಡ ಓದಲ್ಲ ಸ್ವಾಮಿ, ಅದು ಒಂದೊಂದು ರಾತ್ರಿಯನ್ನ ಓದತ್ತೆ.

ನಿತ್ಯಹಸಿರು ಮರಗಳಿಗೆ ಇದೆಲ್ಲಾ ಅನ್ವಯ ಆಗಲ್ಲ ಅಂತ ಒಂದು ತಪ್ಪು ಕಲ್ಪನೆ ಇದೆ, ವರ್ಷವಿಡೀ ಹಸಿರಾಗಿರತ್ತೆ, ಅದಕ್ಕೇನು ಋತು ಅಂತ. ದಕ್ಷಿಣ ಚೀನಾ, ದಕ್ಷಿಣ ಜಪಾನಿನ ಕರ್ಪೂರದ ಮರ ನೋಡಿದ್ರೆ ಈ ಭ್ರಮೆ ಬಿಡತ್ತೆ. ಚಳಿಗಾಲ ಪೂರ್ತಿ ಹಸಿರಾಗೇ ನಿಂತಿರತ್ತೆ, ವಸಂತ ಬಂದು ಬೇರೆ ಮರ ಎಲ್ಲಾ ಚಿಗುರೋವಾಗ ಇದು ಹಳೇ ಎಲೆಗಳನ್ನ ಕೆಂಪಾಗಿಸಿ ರಾಶಿ ರಾಶಿ ಉದುರ್ಸತ್ತೆ, ಅದೇ ವಾರಗಳಲ್ಲೇ ಹೊಸ ಎಲೆ ಹೊರಡತ್ತೆ. ಶರತ್ಕಾಲದ ಕೆಲಸ ವಸಂತದಲ್ಲಿ! ಅಮೆರಿಕದ ಲೈವ್ ಓಕ್ ಕೂಡ ಹೀಗೇ. ಹಳೇ ಎಲೆಯಲ್ಲಿರೋ ಸಾರಜನಕ ಮೊದಲಾದ ಸಾರವನ್ನ ಹಿಂದಕ್ಕೆ ಎಳ್ಕೊಂಡು ಹೊಸದಕ್ಕೆ ಕೊಟ್ಟು ಆಮೇಲೆ ಕೈಬಿಡೋದು ಲೆಕ್ಕ. ಉಪಗ್ರಹದಿಂದ ನೋಡಿದ್ರೆ ಈ ಇಡೀ ಬದಲಾವಣೆ ಹಸಿರಿನ ಸಣ್ಣ ಏರಿಳಿತ ಅಷ್ಟೇ ಆಗಿ ಕಾಣತ್ತೆ, ಅದರಲ್ಲೂ ದಟ್ಟ ಕಾಡಿನ ಮೇಲೆ ಹಸಿರು ಸೂಚ್ಯಂಕ ಒಂದು ಮಟ್ಟಕ್ಕೆ ಹೋಗಿ ನಿಂತುಬಿಡೋದ್ರಿಂದ ಒಳಗೇನಾಗ್ತಿದೆ ಅಂತ ಹಿಡಿಯೋದು ಕಷ್ಟ. ಕೆಳಗೆ ನಿಂತು ನೋಡೋರಿಗೆ ಮಾತ್ರ ಕಾಲ್ಕೆಳಗೆ ಕೆಂಪು, ತಲೆ ಮೇಲೆ ಎಳೇ ಹಸಿರು.

ಈ "ಒಟ್ಟಿಗೆ ಏಳೋದು" ಯಾಕಷ್ಟು ಮುಖ್ಯ ಅಂತ ಅನ್ನಿಸಿದ್ರೆ ಕೀಟಗಳ ಕಡೆ ನೋಡ್ಬೇಕು. ಉಪೋಷ್ಣವಲಯದಲ್ಲಿ ಕಿತ್ತಳೆ ಮರ ವರ್ಷಕ್ಕೆ ಮೂರ್ನಾಲ್ಕು ಸಲ ಅಲೆ ಅಲೆಯಾಗಿ ಚಿಗುರತ್ತೆ, ವಸಂತದ್ದು ದೊಡ್ಡ ಅಲೆ. ಸುಮಾರು 13 ಡಿಗ್ರಿಗಿಂತ ಕೆಳಗೆ ಅದರ ಬೆಳವಣಿಗೆ ನಿಂತೇಹೋಗತ್ತೆ, ಹಾಗಾಗಿ ಚಳಿಗಾಲ ಒಂದು ಸ್ಟಾಪ್ ಬಟನ್. ಏಷ್ಯನ್ ಸಿಟ್ರಸ್ ಸಿಲ್ಲಿಡ್ ಅನ್ನೋ ಪುಟ್ಟ ರಸ ಹೀರೋ ಕೀಟ ಮೊಟ್ಟೆ ಇಡೋದು ಬಲಿತ ಎಲೆ ಮೇಲಲ್ಲ, ಈಗಷ್ಟೇ ಬಿಚ್ಕೊಳ್ತಿರೋ ಚಿಗುರಿನ ಮಡಿಕೆಯಲ್ಲಿ ಮಾತ್ರ. ಚಳಿಗಾಲದಲ್ಲಿ ಚಿಗುರೇ ಇಲ್ಲ ಅಂದ್ರೆ ಕೀಟಕ್ಕೆ ತೊಟ್ಟಿಲೇ ಇಲ್ಲ. ಚಳಿಗಾಲ ಬೆಚ್ಚಗಾಗಿ ಅಲ್ಲೊಂದು ಇಲ್ಲೊಂದು ಕೊಂಬೆ ಜನವರಿಯಲ್ಲೂ ಚಿಗುರ್ತಾ ಇದ್ರೆ ಕೀಟದ ಸಂತತಿ ಮುರಿಯೋದೇ ಇಲ್ಲ, ಮತ್ತೆ ಈ ಕೀಟ ಹೊತ್ತು ತರೋದು ಗ್ರೀನಿಂಗ್ ರೋಗ, ಮದ್ದಿಲ್ಲದ್ದು. ಫ್ಲೋರಿಡಾದಲ್ಲಿ ಆ ರೋಗ ಪತ್ತೆಯಾದದ್ದು 2005ರಲ್ಲಿ. ಅದಕ್ಕೂ ಮುಂಚೆ, 2003-04ರಲ್ಲಿ, ಅಲ್ಲಿನ ಕಿತ್ತಳೆ ಇಳುವರಿ 24 ಕೋಟಿ ಪೆಟ್ಟಿಗೆ ದಾಟಿತ್ತು, ಇಪ್ಪತ್ತು ವರ್ಷ ಆದ್ಮೇಲೆ 2 ಕೋಟಿಗೂ ಕಮ್ಮಿ. ಇದೆಲ್ಲಾ ಬರೀ ಹವೆಯಿಂದ ಆಗಿದ್ದು ಅಂತ ಹೇಳಿದ್ರೆ ಅದು ಸುಳ್ಳಾಗತ್ತೆ, ಬಿರುಗಾಳಿಗಳು, ತೋಟ ಮಾರಿ ಸೈಟ್ ಮಾಡಿದ್ದು ಎಲ್ಲಾ ಸೇರಿದೆ. ಆದ್ರೆ ಚಿಗುರಿನ ತಾಳಕ್ಕೂ ರೋಗಕ್ಕೂ ಇರೋ ನಂಟು ಇದ್ದೇ ಇದೆ.

ನೀರಿನ ವಿಷಯ ಬೇರೆ ಥರ. ಒಣ ಹವೆಯ ಕಡೆ ಚಳಿಗಿಂತ ನೀರೇ ಯಜಮಾನ. ಇಟಲಿಯ ಸಿಸಿಲಿಯಲ್ಲಿ ನಿಂಬೆ ಬೆಳೆಯೋರು ಇದನ್ನ ಬಹಳ ಹಿಂದೆನೇ ಕಂಡ್ಕೊಂಡಿದ್ರು, ಬೇಸಿಗೆಯಲ್ಲಿ ಬೇಕಂತಲೇ ನೀರು ನಿಲ್ಲಿಸಿ ಮರ ಬಾಡೋ ಹಂತಕ್ಕೆ ತಂದು ಆಮೇಲೆ ಧಾರಾಳ ನೀರು ಬಿಟ್ರೆ ಮರ ಗಾಬರಿಯಾದ ಹಾಗೆ ಅಕಾಲದಲ್ಲಿ ಹೂ ಬಿಡತ್ತೆ, ಮುಂದಿನ ಬೇಸಿಗೆಗೆ ಹಸಿರು ನಿಂಬೆ ಸಿಗತ್ತೆ. ಅಂದ್ರೆ ನಿಂಬೆ ಕಿತ್ತಳೆ ಜಾತಿಗೆ ಚಳಿ ಸಿಗದಿದ್ರೆ ಬರ ಅದರ ಪಾತ್ರ ಮಾಡತ್ತೆ. ಎರಡೂ ಒಂದೇ ಮಾತು ಹೇಳ್ತವೆ, ಸ್ವಲ್ಪ ಕಾಲ ಬೆಳೀಬೇಡ ಅಂತ, ಆ ತಡೆ ತೆಗೆದಾಗಲೇ ಹೂವು.

ಇದಕ್ಕಿಂತ ವಿಚಿತ್ರ ಹಿಮಾಲಯದ ತಪ್ಪಲಿನ ಸಾಲವೃಕ್ಷದ್ದು. ಮಾರ್ಚ್ ಏಪ್ರಿಲ್, ನೆಲ ಸುಡ್ತಿರತ್ತೆ, ಮಳೆ ಬರೋಕೆ ಇನ್ನೂ ಎರಡು ತಿಂಗಳಿದೆ, ಅಂಥ ಹೊತ್ತಲ್ಲಿ ಮರ ಹಳೇ ಎಲೆ ಕಳಚಿ ಹೊಸ ಎಲೆ ಹೊರಡಿಸತ್ತೆ. ಮುಂಗಾರು ಕಾಡುಗಳ ಬಹಳಷ್ಟು ಮರಗಳು ಹೀಗೆ ಮಳೆಗೆ ಮುಂಚೆನೇ ಚಿಗುರ್ತವೆ, ಆಳದ ಮಣ್ಣಲ್ಲಿ ಉಳಿದ ನೀರು ಹೀರ್ಕೊಂಡು, ಹಗಲು ಹಿಗ್ಗೋದನ್ನೇ ಸೂಚನೆ ಅಂತ ಹಿಡ್ಕೊಂಡು. ಮೋಡ ಮುಚ್ಚೋಕೆ ಮುಂಚಿನ ಬಿಸಿಲನ್ನ ಪೂರ್ತಿ ಬಳಸ್ಕೊಳ್ಳೋ ಲೆಕ್ಕಾಚಾರ, ಮಳೆ ಬಂದ ದಿನಕ್ಕೆ ಎಲೆ ರೆಡಿ ಇರಬೇಕು. ಸಾಲ ಮಾಡಿ ಬಿತ್ತೋ ರೈತನ ಧೈರ್ಯ ಇದು, ಮಳೆ ಬಂದೇ ಬರತ್ತೆ ಅನ್ನೋ ನಂಬಿಕೆ ಮೇಲೆ. ಮಳೆ ಎರಡು ಮೂರು ವಾರ ಜಾರಿದ್ರೆ, ಮೇಲಿಂದ ಹಿಂದಿನ ವರ್ಷನೂ ಆಳಕ್ಕೆ ನೀರು ಇಳಿದಿಲ್ಲದಿದ್ರೆ, ಎಳೇ ಎಲೆ ಕೈಯಲ್ಲಿ ಹಿಡ್ಕೊಂಡು ಮರ ಸಿಕ್ಕಿಬೀಳತ್ತೆ.

ಬಿಸಿ ಏರಿದಾಗ ಮಳೆ ಅಷ್ಟೇ ಇದ್ರೂ ಗಿಡಕ್ಕೆ ನೀರು ಸಾಲಲ್ಲ ಅನ್ನೋದನ್ನೂ ಇಲ್ಲೇ ಸೇರಿಸ್ಬೇಕು. ಗಾಳಿ ಒಂದೊಂದು ಡಿಗ್ರಿ ಬಿಸಿಯಾದ ಹಾಗೂ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡೀಬಲ್ಲದು, ಸಿಗದಿದ್ರೆ ಎಲೆಯಿಂದ ಎಳೆಯತ್ತೆ. ಎಲೆ ತನ್ನ ರಂಧ್ರ ಮುಚ್ಚತ್ತೆ, ಮುಚ್ಚಿದ್ರೆ ನೀರೇನೋ ಉಳೀತು, ಕಾರ್ಬನ್ ಡೈ ಆಕ್ಸೈಡ್ ಒಳಗೆ ಬರೋದೂ ನಿಂತಿತು, ಬೆಳವಣಿಗೆ ಬಂದ್. 2022ರ ಬೇಸಿಗೆಯಲ್ಲಿ ಚೀನಾದ ಯಾಂಗ್ಟ್ಸಿ ಕಣಿವೆಯಲ್ಲಿ ಎರಡು ತಿಂಗಳು ಮೀರಿ ಎಳೆದ ಬಿಸಿಗಾಳಿ ಮತ್ತೆ ಬರ ಬಂತಲ್ಲ, ಅದು ಬಂದದ್ದು ವರ್ಷದ ಅತಿ ಹೆಚ್ಚು ಬೆಳವಣಿಗೆ ಆಗಬೇಕಾದ ಹೊತ್ತಲ್ಲೇ. ಕ್ಯಾಲೆಂಡರ್ ಪ್ರಕಾರ ಬೆಳೆಯೋ ಕಾಲ, ಗಿಡದ ಪ್ರಕಾರ ರಜೆ.

ಕ್ಯಾಲಿಫೋರ್ನಿಯಾದ್ದು ಇನ್ನೊಂದು ಮುಖ. ಅಲ್ಲಿ ಹುಲ್ಲು ಪೊದೆ ಬೆಳೆಯೋದು ಚಳಿಗಾಲದ ಮಳೆಗೆ, ಒಣಗೋದು ಬೇಸಿಗೆಗೆ. 2022-23 ಮತ್ತೆ 2023-24 ಎರಡೂ ಚಳಿಗಾಲ ದಕ್ಷಿಣ ಭಾಗದಲ್ಲಿ ಭರ್ಜರಿ ಮಳೆ, ಬೆಟ್ಟ ಎಲ್ಲಾ ಹಸಿರು, ಜನ ಖುಷಿಯಾಗಿದ್ರು. ಮುಂದಿನ ಚಳಿಗಾಲ ಶುರುವಾಗಬೇಕಿದ್ದ ಹೊತ್ತಿಗೆ ಮಳೆ ಕೈಕೊಡ್ತು, ಎರಡು ವರ್ಷದ ಹಸಿರೆಲ್ಲಾ ಕಡ್ಡಿಯಾಗಿ ನಿಂತಿತ್ತು, 2025ರ ಜನವರಿಯಲ್ಲಿ ಒಣಗಾಳಿ ಬೀಸಿದಾಗ ಲಾಸ್ ಏಂಜಲೀಸ್ ಸುತ್ತ ಕಾಡ್ಗಿಚ್ಚು ಹೇಗೆ ಹಬ್ಬಿತು ಅನ್ನೋದು ಎಲ್ಲರೂ ಟಿವಿಯಲ್ಲಿ ನೋಡಿದ್ದೇ. ಜನವರಿ ಅಲ್ಲಿ ಚಿಗುರೋ ತಿಂಗಳು, ಉರಿಯೋ ತಿಂಗಳಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಯಾರಾದ್ರೂ ಒಬ್ರು ಬಂದು, ಆದ್ರೆ ಭೂಮಿ ಹಸಿರಾಗ್ತಿದೆಯಲ್ಲ ಅಂತ ಕೇಳೇ ಕೇಳ್ತಾರೆ. ಹೌದು, 1982ರಿಂದ 2009ರವರೆಗಿನ ಉಪಗ್ರಹ ಚಿತ್ರಗಳನ್ನ ನೋಡಿ 2016ರಲ್ಲಿ ಬಂದ ಅಧ್ಯಯನದಲ್ಲಿ ಸಸ್ಯ ಇರೋ ನೆಲದ ಕಾಲು ಭಾಗದಿಂದ ಅರ್ಧ ಭಾಗದವರೆಗೆ ಹಸಿರು ಹೆಚ್ಚಿದೆ, ಕಮ್ಮಿಯಾದದ್ದು ಶೇ. 4ಕ್ಕಿಂತ ಕಡಿಮೆ ಜಾಗದಲ್ಲಿ, ಇದರಲ್ಲಿ ಹೆಚ್ಚಿನ ಪಾಲು ಗಾಳಿಯಲ್ಲಿ ಹೆಚ್ಚಾದ ಕಾರ್ಬನ್ ಡೈ ಆಕ್ಸೈಡಿನದ್ದು ಅಂತ ಬಂದಿದೆ. ಇದನ್ನ ಅಲ್ಲಗಳೆಯೋಕೆ ಹೋಗಬಾರದು. ಆದ್ರೆ ಹಸಿರು ಅನ್ನೋದು ಎಲೆಯ ಲೆಕ್ಕ, ಹೂವಿನದ್ದಲ್ಲ. ಆ ಲಿಚಿ ಮರವನ್ನ ಮೇಲಿಂದ ನೋಡಿದ್ರೆ ಉಪಗ್ರಹ ಏನು ಬರ್ಕೊಳ್ಳತ್ತೆ? ಹಸಿರು ಹೆಚ್ಚಾಗಿದೆ ಅಂತಲೇ. ಇನ್ನೊಂದು, ಈ ಹಸಿರು ಎಷ್ಟು ಚಂಚಲ ಅನ್ನೋದಕ್ಕೆ ಲಾ ನೀನ್ಯಾ (ಪೆಸಿಫಿಕ್ ಸಾಗರದ ನೀರು ತಂಪಾಗೋ ವಿದ್ಯಮಾನ) ಇದ್ದ 2010-11 ನೋಡಿ, ಆಸ್ಟ್ರೇಲಿಯಾದ ಒಣನೆಲಕ್ಕೆ ಎಷ್ಟು ಮಳೆ ಬಿತ್ತು ಅಂದ್ರೆ ಆ ವರ್ಷ ಇಡೀ ಜಗತ್ತಿನ ನೆಲ ಹೀರಿದ ಹೆಚ್ಚುವರಿ ಕಾರ್ಬನ್ನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ಖಂಡದ ಹುಲ್ಲು ಪೊದೆಗಳದ್ದೇ ಆಗಿತ್ತು. ಮಳೆ ನಿಂತ ಮೇಲೆ ಅದೇ ಹುಲ್ಲು ಒಣಗತ್ತೆ, ಉರಿಯತ್ತೆ, ಕಾರ್ಬನ್ ವಾಪಸ್.

ಹುಲ್ಲಿನ ಮಾತು ಬಂತಲ್ಲ, ಒಂದೇ ಸಾಲಲ್ಲಿ: ಉರುಗ್ವೆಯಂಥ ಕಡೆ ಒಂದೇ ಬಯಲಲ್ಲಿ ಚಳಿಗಾಲದ ಹುಲ್ಲು ಬೇರೆ ಬೇಸಿಗೆ ಹುಲ್ಲು ಬೇರೆ ಪಾಳಿ ಮೇಲೆ ಬೆಳೀತವೆ, ಬಿಸಿ ಹೆಚ್ಚಾದ್ರೆ ಬೇಸಿಗೆ ಜಾತಿಗೆ ಲಾಭ, ಕಾರ್ಬನ್ ಹೆಚ್ಚಾದ್ರೆ ಚಳಿಗಾಲದ ಜಾತಿಗೆ ಲಾಭ, ಹಾಗಾಗಿ ಅಲ್ಲಿ ಗೆಲ್ಲೋರು ಯಾರು ಅಂತ ಖಚಿತವಾಗಿ ಹೇಳೋರನ್ನ ನಾನು ನಂಬಲ್ಲ.

ಗೆದ್ದವರೂ ಇದ್ದಾರೆ ಅನ್ನಿ. ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ ಕಾಂಡ್ಲಾ ಕಾಡು, ಅದೇ ಮ್ಯಾಂಗ್ರೋವ್, ಉತ್ತರಕ್ಕೆ ಸರೀತಾ ಇದೆ, 1984ರಿಂದ 2011ರ ನಡುವೆ ತನ್ನ ಉತ್ತರದ ಗಡಿಯಲ್ಲಿ ಎರಡು ಪಟ್ಟಾಯ್ತು. ಇದಕ್ಕೆ ಕಾರಣ ಸರಾಸರಿ ಬಿಸಿ ಅಂತ ಅನ್ಕೊಂಡಿದ್ದವರಿಗೆ ಸಿಕ್ಕ ಉತ್ತರ ಬೇರೆ, ಮೈನಸ್ 4 ಡಿಗ್ರಿಗಿಂತ ಕೆಳಗೆ ಹೋಗೋ ದಿನಗಳು ಕಮ್ಮಿಯಾದವು, ಅಷ್ಟೇ. ವರ್ಷದಲ್ಲಿ ಎರಡೋ ಮೂರೋ ರಾತ್ರಿಗಳು ಇಲ್ಲಿ ಹುಲ್ಲು ಇರಬೇಕಾ ಕಾಡು ಇರಬೇಕಾ ಅನ್ನೋದನ್ನ ತೀರ್ಮಾನ ಮಾಡ್ತಾ ಇದ್ವು. ನಾನು ಮೊದಲಿಂದ ಹೇಳ್ತಿರೋ ಪುಟ್ಟ ಚಳಿಗಾಲ ಇದೇ.

ಕೊನೆಗೆ ಕಿತ್ತಳೆ ಸಿಪ್ಪೆ ಬಗ್ಗೆ ಹೇಳದೇ ಹೋದ್ರೆ ನನಗೆ ಸಮಾಧಾನ ಆಗಲ್ಲ. ಕಿತ್ತಳೆ ಬಣ್ಣ ಅಂತ ನಾವು ಕರೆಯೋದು ಹಣ್ಣಾಗಿದ್ದರ ಗುರುತೇ ಅಲ್ಲ, ಚಳಿ ತಾಗಿದ್ದರ ಗುರುತು. ಶರತ್ಕಾಲದ ರಾತ್ರಿಗಳು 13 ಡಿಗ್ರಿ ಆಸುಪಾಸಿಗೆ ಇಳಿದಾಗ ಸಿಪ್ಪೆಯ ಹಸಿರು ಒಡೆದು ಹೋಗಿ ಅಡಿಯಲ್ಲಿದ್ದ ಕಿತ್ತಳೆ ಹೊಳಪು ಮೇಲೆ ಬರತ್ತೆ, ರಾತ್ರಿ ತಂಪಾಗದ ಉಷ್ಣವಲಯದಲ್ಲಿ ಪೂರ್ತಿ ಹಣ್ಣಾದ್ರೂ ಸಿಪ್ಪೆ ಹಸಿರಾಗೇ ಇರತ್ತೆ. ವೆಲೆನ್ಸಿಯಾ ಅನ್ನೋ ತಳಿಯ ಹಣ್ಣು ಮರದಲ್ಲೇ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಿಲ್ಲತ್ತೆ, ಹಾಗಾಗಿ ವಸಂತದಲ್ಲಿ ಆ ಮರದ ಹತ್ತಿರ ಹೋದ್ರೆ ಹೋದ ವರ್ಷದ ಹಣ್ಣು ಮತ್ತೆ ಈ ವರ್ಷದ ಬಿಳಿ ಹೂವು ಎರಡೂ ಒಂದೇ ಕೊಂಬೆಯಲ್ಲಿ ಇರ್ತವೆ. ಬಿಸಿ ಏರೋಕೆ ಶುರುವಾದ ಕೂಡ್ಲೇ ಆ ಹಣ್ಣಿನ ತೊಟ್ಟಿನ ಸುತ್ತ ಒಂದು ತೆಳು ಹಸಿರು ಉಂಗುರ ಕಾಣಿಸ್ಕೊಳ್ಳತ್ತೆ, ದಿನ ಕಳೆದ ಹಾಗೆ ಅದು ಕೆಳಗೆ ಹರಡತ್ತೆ. ಒಳಗೆ ಹಣ್ಣು ಕಳಿತು ಸಿಹಿಯಾಗಿ ಕೂತಿದೆ, ಹೊರಗೆ ಸಿಪ್ಪೆ ಮತ್ತೆ ಕಾಯಿಯ ಬಣ್ಣಕ್ಕೆ ಹೊರಟಿದೆ.